ಅತ್ತೆ ಕೊಟ್ಟ ಕತ್ತಲೆ

ಅತ್ತೆಯವರ ಬಲಗಣ್ಣಿನ ಮಗ್ಗುಲಲ್ಲಿ, ಕಿವಿಗೆ ಹತ್ತಿರವಾಗಿ, ಹುಣಸೆ ಬೀಜದಷ್ಟು ದೊಡ್ಡ ಸುಟ್ಟ ಕಲೆಯಿತ್ತು. ಬೋಳುತಲೆಯ ಮೇಲೆ ಹೊದ್ದ ಕೆಂಪು ಸೀರೆಯ ಸೆರಗು ಒಲೆ ಊದಲು ಬಗ್ಗಿದಾಗ ಜಾರುತ್ತಿತ್ತು, ಆಗ ಮಾತ್ರ ಅದು ಕಾಣುತ್ತಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಕೇಳಿದ್ದೆ. "ಸುಟ್ಟದ್ದು" ಎಂದಷ್ಟೇ ಹೇಳಿ ಸೆರಗು ಎಳೆದುಕೊಂಡಿದ್ದರು.

ಎಣ್ಮಕಜೆಯ ಬದಿಯ ಒಂದು ಸಣ್ಣ ದೇವಸ್ಥಾನದ ಪೂಜೆ ನಮ್ಮ ಮನೆಯದು. ನಮ್ಮ ಅನ್ನವೂ ಆ ಪೂಜೆಯದ್ದೇ. ಮಧ್ಯಾಹ್ನದ ನೈವೇದ್ಯದ ಅನ್ನವನ್ನು ಮನೆಯಲ್ಲಿ ಮಡಿಯಲ್ಲಿ ಬೇಯಿಸಿ ಕಳಿಸಬೇಕು. ಅತ್ತೆಗೆ ಮೊಣಗಂಟು ಹಿಡಿದ ಮೇಲೆ ಆ ಕೆಲಸ ನನಗೆ ಬಂತು. ನಾನು ಮುಟ್ಟಾಗಿ ಹೊರಗೆ ಕೂತ ಮೂರು ದಿನ ಮಾತ್ರ ಅವರೇ ಒಲೆಯ ಮುಂದೆ ಕೂರುತ್ತಿದ್ದರು.

ಮಡಿಯಲ್ಲಿ ಅವರಷ್ಟು ಗಟ್ಟಿಯವರನ್ನು ನಾನು ಕಂಡಿಲ್ಲ. ಮೊಮ್ಮಗು ಓಡಿಬಂದು ಸೀರೆ ಹಿಡಿದರೆ ಪುಷ್ಯದ ಚಳಿಯಲ್ಲೂ ಬಾವಿಕಟ್ಟೆಗೆ ಹೋಗಿ ಮತ್ತೊಮ್ಮೆ ಮೀಯುತ್ತಿದ್ದರು. ಮಗುವನ್ನು ಬೈಯುತ್ತಿರಲಿಲ್ಲ. "ಅದಕ್ಕೆಂತ ಗೊತ್ತುಂಟು, ನನಗೆ ಗೊತ್ತುಂಟಲ್ಲ" ಎನ್ನುತ್ತಿದ್ದರು.

ನನಗೆ ಎಳೆಯ ಪ್ರಾಯದಿಂದಲೂ ಮುಟ್ಟಿನ ಹಿಂದಿನ ದಿನ ಅರೆತಲೆ ನೋಯುತ್ತಿತ್ತು. ಅದನ್ನು ಯಾರಲ್ಲೂ ಹೇಳಿಕೊಂಡವಳಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ. ಮರುದಿನಕ್ಕೆ ದನದ ಹಟ್ಟಿಯ ಬದಿಯ ಕೋಣೆ ಸಿಗುತ್ತಿತ್ತು. ಕಿಟಕಿಯಿಲ್ಲದ, ಸೆಗಣಿ ಸಾರಿಸಿದ ತಂಪು ಕೋಣೆ. ಒಗ್ಗರಣೆಯ ಘಾಟು ಅಲ್ಲಿಗೆ ಬಾರದು. ಬೇರೆ ಹೆಂಗಸರು ಶಪಿಸುತ್ತಿದ್ದ ಆ ಮೂಲೆಯಲ್ಲಿ ನಾನು ಚಾಪೆ ಹಾಸಿ ಕಣ್ಣು ಮುಚ್ಚುತ್ತಿದ್ದೆ.

ನಲವತ್ತೈದು ದಾಟುವಾಗ ಮುಟ್ಟು ತಪ್ಪತೊಡಗಿತು. ಎರಡು ತಿಂಗಳಿಗೊಮ್ಮೆ, ಮತ್ತೆ ನಾಲ್ಕಕ್ಕೊಮ್ಮೆ. ತಲೆನೋವು ಮಾತ್ರ ಲೆಕ್ಕವಿಲ್ಲದೆ ಬರತೊಡಗಿತು. ನೋವು ಬಂತು, ಕೋಣೆ ಹೋಯಿತು. ಅಂಗಳದಲ್ಲಿ ಒಣಹಾಕಿದ ಭತ್ತದ ಮೇಲಿನ ಬಿಸಿಲು ಕಣ್ಣಿಗೆ ಸೂಜಿಯಂತೆ ಚುಚ್ಚುತ್ತಿತ್ತು. ಹಣೆಗೆ ಒದ್ದೆ ಬಟ್ಟೆ ಬಿಗಿದುಕೊಂಡು ತೆಂಗಿನಕಾಯಿ ಹೆರೆಯುತ್ತಿದ್ದೆ, ನಡುವೆ ಎದ್ದು ಹೋಗಿ ವಾಂತಿ ಮಾಡಿ ಬರುತ್ತಿದ್ದೆ. ಕುಂಬಳೆಯ ವೈದ್ಯರು ಎಣ್ಣೆ ಕೊಟ್ಟು, ಈ ಪ್ರಾಯದಲ್ಲಿ ಹೆಂಗಸರಿಗೆ ಹೀಗೇ, ಮುಟ್ಟು ಪೂರ್ತಿ ನಿಂತರೆ ಇದೂ ನಿಲ್ಲಬಹುದು ಎಂದರು.

ಒಂದು ದಿನ ನೈವೇದ್ಯದ ಪಾತ್ರೆ ಅಡುಗೆಮನೆಯ ಹೊಸ್ತಿಲಲ್ಲಿ ಕೈಜಾರಿತು. ಮತ್ತೆ ಅನ್ನವಾಗಿ ಹೋಗುವಷ್ಟರಲ್ಲಿ ಹೊತ್ತು ಮೀರಿತ್ತು. ಪೂಜೆಗೆ ಬಂದವರು ಕಾದು ಕಾದು ಗೊಣಗಿದರಂತೆ. ನಮ್ಮ ಮನೆಯವರು ಪೂಜೆ ಮುಗಿಸಿ ಬಂದು, ಇನ್ನೊಮ್ಮೆ ಹೀಗಾದರೆ ಪೂಜೆ ಬೇರೆಯವರ ಕೈಗೆ ಹೋಗುತ್ತದೆ ಎಂದು ಮೆಲ್ಲಗೆ ಹೇಳಿದರು. ಅತ್ತೆ ಅಲ್ಲೇ ಬತ್ತಿ ಹೊಸೆಯುತ್ತಿದ್ದರು.

ಮುಂದಿನ ಸಲ ನೋವು ಬಂದ ಬೆಳಿಗ್ಗೆ ನಾನು ಒಂದೇ ಕಣ್ಣು ತೆರೆದುಕೊಂಡು ಒಲೆಯ ಕಡೆ ಹೊರಟಿದ್ದೆ. ಅತ್ತೆ ಬಾಗಿಲಿಗೆ ಅಡ್ಡ ನಿಂತರು.

"ಒಲೆ ಮುಟ್ಟಬೇಡ. ನೀನು ಹೊರಗೆ."

"ಇಲ್ಲತ್ತೆ, ನಾನು ಹೊರಗಾಗಲಿಲ್ಲ."

"ಆಗಿದ್ದೀ ಅಂತ ನಾನು ಹೇಳ್ತಾ ಇದ್ದೇನೆ. ಹೋಗಿ ಮಲಗು."

ತಮ್ಮ ಮಗನಿಗೂ ಅವರೇ ಕೂಗಿ ಹೇಳಿದರು. ಮಡಿಯ ವಿಷಯದಲ್ಲಿ ಅವರ ಮಾತಿಗೆ ಎದುರು ಕೇಳುವವರು ಯಾರು?

ಅಲ್ಲಿಂದ ಎರಡು ವರ್ಷ ಹಾಗೆಯೇ ನಡೆಯಿತು. ನನ್ನ ಮುಖ ನೋಡಿಯೇ ತಿಳಿಯುತ್ತಿತ್ತು ಅವರಿಗೆ. ಮೊಣಗಂಟು ನೀವಿಕೊಳ್ಳುತ್ತ, ಹೊಗೆಗೆ ಕಣ್ಣೊರೆಸಿಕೊಳ್ಳುತ್ತ ಆ ದಿನಗಳ ಅಡುಗೆ ಮಾಡುತ್ತಿದ್ದರು. ಆಚೆಮನೆಯ ಅಕ್ಕ ಒಮ್ಮೆ ಜಗಲಿಯಲ್ಲಿ ಕೂತು, "ಎಂತ, ನಿಮ್ಮ ಸೊಸೆಗೆ ಈ ಪ್ರಾಯದಲ್ಲಿ ತಿಂಗಳಿಗೆ ಎರಡೆರಡು ಸಲ ಕಾಗೆ ಮುಟ್ಟುವುದಾ?" ಎಂದು ಕುಟುಕಿದರು. ಅತ್ತೆ ವೀಳ್ಯದೆಲೆಯ ತಟ್ಟೆಯನ್ನು ಅವರತ್ತ ಸರಿಸಿ, "ಎಂತ ಮಾಡುವುದು ಮಾರಾಯ್ತಿ, ನಮ್ಮಲ್ಲಿ ಕಾಗೆ ಜಾಸ್ತಿ" ಎಂದರು.

ನನಗೆ ಅಚ್ಚರಿಯಾದದ್ದು ಬೇರೆ. ನಾನು ಹೊರಗಾಗಿಲ್ಲವೆಂದು ಅವರಿಗೆ ಚೆನ್ನಾಗಿ ಗೊತ್ತು. ಆದರೂ ಶುಂಠಿ ಹಾಕಿದ ಗಂಜಿತೆಳಿಯನ್ನು ಹೊಸ್ತಿಲಾಚೆ ಇಟ್ಟು ದೂರ ಸರಿಯುತ್ತಿದ್ದರು. ನಾಲ್ಕನೆಯ ದಿನ ನಾನು ಮಿಂದೇ ಒಳಗೆ ಬರಬೇಕು. ಯಾರೂ ನೋಡುವುದಿಲ್ಲವಲ್ಲ ಅತ್ತೆ ಎಂದು ಒಮ್ಮೆ ಹೇಳಿದೆ. "ಹೊರಗೆ ಅಂತ ಹೇಳಿದ ಮೇಲೆ ಹೊರಗೆ. ನಡೆದುಕೊಂಡರೆ ಮಾತು ಸುಳ್ಳಾಗುವುದಿಲ್ಲ" ಎಂದರು.

ಆ ಕ್ರಮವನ್ನು ಅವರು ಮುರಿದದ್ದು ಒಂದೇ ಸಲ. ಆ ದಿನ ನೋವು ತಾಳಲಾರದೆ ನಾನು ಗೋಡೆಗೆ ಹಣೆ ಒತ್ತಿ ನರಳುತ್ತಿದ್ದೆ. ಅತ್ತೆ ಹೊಸ್ತಿಲು ದಾಟಿ ಬಂದು ಕೂತರು. ನನ್ನ ತಲೆಯನ್ನು ತೊಡೆಯ ಮೇಲಿಟ್ಟು ಎರಡು ಹೆಬ್ಬೆರಳುಗಳಿಂದ ಕಣ್ಣುಗಳ ಮಗ್ಗುಲನ್ನು ಒತ್ತಿ ಹಿಡಿದರು. ಕತ್ತಲೆಯಲ್ಲಿ ಅವರ ಮುಖ ಕಾಣುತ್ತಿರಲಿಲ್ಲ.

"ನನಗೂ ಮುಟ್ಟು ನಿಲ್ಲುವ ಕಾಲಕ್ಕೆ ಹೀಗೇ ಇತ್ತು" ಎಂದರು. "ಕೆಲಸಕಳ್ಳಿ ಅಂದರು ನನ್ನ ಅತ್ತೆ. ಮತ್ತೆ ಅರಿಶಿನದ ಕೊಂಬು ಕೆಂಡದಲ್ಲಿ ಕಾಯಿಸಿ ಇಲ್ಲಿ ಇಟ್ಟರು. ನೋವು ಹೋಯಿತಾ ಅಂತ ಕೇಳಿದರು. ಹೋಯಿತು ಅಂದೆ."

"ಹೋಗಿತ್ತಾ ಅತ್ತೆ?"

"ಇಲ್ಲ. ಇನ್ನೊಂದು ಸಲ ಇಡಬಾರದಲ್ಲ, ಹಾಗೆ ಅಂದದ್ದು."

ಆಮೇಲೆ ಎದ್ದು ಬಾವಿಕಟ್ಟೆಗೆ ಹೋದರು. ತಲೆಯ ಮೇಲೆ ನೀರು ಸುರಿದುಕೊಳ್ಳುವ ಸದ್ದು ಕೇಳಿತು.

ವೈದ್ಯರು ಹೇಳಿದಂತೆಯೇ ಆಯಿತು, ನೋವು ಕ್ರಮೇಣ ನಿಂತಿತು. ಅತ್ತೆ ತೀರಿಕೊಂಡದ್ದು ನಮ್ಮೂರು ಕೇರಳಕ್ಕೆ ಸೇರಿದ ವರ್ಷ, ನಾಲ್ಕು ದಿನದ ಜ್ವರದಲ್ಲಿ. ಕೊನೆಯ ಸ್ನಾನ ಮಾಡಿಸುವಾಗ ಆ ಕಲೆಯ ಮೇಲೆ ನನ್ನ ಹೆಬ್ಬೆರಳಿಟ್ಟು ಸ್ವಲ್ಪ ಹೊತ್ತು ಒತ್ತಿ ಹಿಡಿದೆ. ಅವರಿಗೆ ಇನ್ನು ಮಡಿ ಕೆಡುವಂತಿರಲಿಲ್ಲ.

ಸೂತಕದ ದಿನಗಳಲ್ಲಿ ನೈವೇದ್ಯದ ಕೆಲಸವಿಲ್ಲ. ಒಂದು ಮಧ್ಯಾಹ್ನ ಹಟ್ಟಿಯ ಬದಿಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಮಲಗಿದೆ. ತಲೆ ನೋಯುತ್ತಿರಲಿಲ್ಲ. ಹೊಸ್ತಿಲಾಚೆ ಗಂಜಿತೆಳಿಯ ಪಾತ್ರೆ ಇಡುವ ಸದ್ದಿಗೆ ಕಿವಿಗೊಟ್ಟು, ಹೊತ್ತು ಇಳಿಯುವವರೆಗೂ ಹಾಗೆಯೇ ಇದ್ದೆ.