ಗುಂಡಿಯ ಅರ್ಥ ಹೇಳಿದವರ ಹೆಸರು

ತೊಂಡೇಬಾವಿಯ ಆಚೆಯ ಹೊಲವೊಂದರಲ್ಲಿ ಉತ್ಖನನ ನಡೆದದ್ದು ತೊಂಬತ್ತರ ದಶಕದ ಒಂದು ಬೇಸಿಗೆ ರಜೆಯಲ್ಲಿ. ಗೌರಿಬಿದನೂರಿನ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದ ನನಗೆ ಅಲ್ಲಿ ದಿನಚರಿ ಬರೆಯುವ ಕೆಲಸ ಸಿಕ್ಕಿತು. ತಂಡದ ಮುಖ್ಯಸ್ಥೆ ವಿದೇಶದವರು. ಅವರ ಪದ್ಧತಿ ನನಗೆ ಹೊಸದು: ಸಿಕ್ಕಿದ್ದನ್ನು ಬರೆದರೆ ಸಾಲದು; ಅದು ಏನೆಂದು ಯಾರಿಗೆ, ಯಾಕೆ ಅನ್ನಿಸಿತು ಎಂಬುದನ್ನೂ ಹೆಸರಿನೊಂದಿಗೆ ಬರೆಯಬೇಕು. ಮಣ್ಣು ಹೊರುವವರೂ ಇದಕ್ಕೆ ಹೊರತಲ್ಲ.

ಬಾಯಿ ಕಿರಿದಾಗಿ, ಒಡಲು ಅಗಲವಾಗಿದ್ದ ಗುಂಡಿಯೊಂದು ಸಿಕ್ಕಾಗ ನಾನು ‘ಸಮಾಧಿ’ ಎಂದು ಬರೆದು, ಮೂರು ಕಾರಣಗಳನ್ನು ಕ್ರಮವಾಗಿ ಕೊಟ್ಟು, ನನ್ನ ಹೆಸರನ್ನು ದುಂಡಗೆ ನಮೂದಿಸಿದೆ. ಮುಖ್ಯಸ್ಥೆ ಅದನ್ನು ಇಂಗ್ಲಿಷಿನಲ್ಲಿ ಕೇಳಿಸಿಕೊಂಡು ತಲೆಯಾಡಿಸಿ, ಮಣ್ಣಿನ ಮಂಕರಿ ಹೊರುತ್ತಿದ್ದ ಪೆರೇಸಂದ್ರದ ಹೆಂಗಸಿನತ್ತ ವಿಡಿಯೊ ಕ್ಯಾಮೆರಾ ತಿರುಗಿಸಿದರು.

“ಸಮಾಧೀನೂ ಇಲ್ಲ, ಏನೂ ಇಲ್ಲ ಕಣಮ್ಮ. ಇದು ರಾಗಿ ತುಂಬಿಡೋ ಹಗೇವು. ಬಾಯಿ ತೆಗ್ದ್ ಕೂಡ್ಲೆ ಇಳಿದ್ರೆ ಒಳಗಿನ ಗಾಳಿಗೆ ಸತ್ತೇ ಹೋಗ್ತಾರೆ. ನಮ್ಮಜ್ಜಿ ಮೊದ್ಲು ದೀಪ ಇಳಿಸೋಳು. ದೀಪ ಆರದಿದ್ರೇನೇ ನಮ್ಮಪ್ಪನ್ನ ಇಳಿಸೋಳು. ಇಲ್ದಿದ್ರೆ ನಾನೆಲ್ಲಿ ಹುಟ್ತಿದ್ದೆ?”

ಎಲ್ಲರೂ ನಕ್ಕರು. ಮುಖ್ಯಸ್ಥೆ ಆ ಮಾತನ್ನು ನನ್ನಿಂದ ಎರಡು ಸಲ ಅನುವಾದ ಮಾಡಿಸಿ, ಅವಳನ್ನು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದರು. ನನ್ನನ್ನು ಒಂದೂ ಕೇಳಿರಲಿಲ್ಲ.

ಸಂಜೆ ದಿನಚರಿಯಲ್ಲಿ ಒಂದೇ ವಾಕ್ಯ ಬರೆದೆ: ‘ಇದು ಧಾನ್ಯ ಸಂಗ್ರಹದ ಗುಂಡಿಯಾಗಿರಬಹುದೆಂಬ ಅಭಿಪ್ರಾಯವೂ ಉಂಟು.’ ಹೆಸರಿನ ಜಾಗವನ್ನು ಖಾಲಿ ಬಿಟ್ಟೆ. ಮುಖ್ಯಸ್ಥೆಗೆ ಕನ್ನಡ ಬರುತ್ತಿರಲಿಲ್ಲ. ಆ ಹೆಂಗಸಿಗೆ ಅಕ್ಷರ ಬರುತ್ತಿರಲಿಲ್ಲ. ನಾನು ನಿಶ್ಚಿಂತೆಯಿಂದ ಮಲಗಿದೆ.

ಮರುದಿನ ಊಟದ ಹೊತ್ತಿಗೆ ಅವಳು ಜೊತೆಯವರನ್ನೆಲ್ಲ ಕರೆದುಕೊಂಡು ಬಂದಳು.

“ಟೀಚರಮ್ಮ, ನನ್ ಮಾತು ಬರೆದ್ರಾ? ಓದಿ, ಕೇಳಣ.”

ಬೇರೆ ದಾರಿಯಿಲ್ಲದೆ ಓದಿದೆ.

“ಅಷ್ಟೇನಾ? ನಮ್ಮಜ್ಜಿ ಎಲ್ಲೋದ್ಲು? ದೀಪಾನೂ ಇಲ್ವಲ್ಲ! ಹಿಂಗೇ ಹಗೇವಿಗೆ ಇಳೀತೀರಾ? ಇಳೀರಿ, ಮೇಲಿಂದ ನಾವು ನೋಡ್ತೀವಿ!”

ಹೆಂಗಸರ ನಗು ನಿಲ್ಲಲಿಲ್ಲ. ಅವಳು ಮಾತ್ರ ನನ್ನೆದುರು ಕುಕ್ಕರುಗಾಲಿನಲ್ಲಿ ಕುಳಿತಳು.

“ಹೋಗ್ಲಿ, ಬರ್ಕೊಳ್ರಮ್ಮ. ಮತ್ತೆ ಹೇಳ್ತೀನಿ.”

ನಾನು ಮಕ್ಕಳಿಗೆ ಉಕ್ತಲೇಖನ ಕೊಡುವಂತೆ, ನನ್ನ ಕೈ ನಿಂತಾಗಲೇ ಮುಂದಿನ ಮಾತು ಹೇಳುತ್ತ, ಅವಳು ಅಜ್ಜಿಯನ್ನೂ ದೀಪವನ್ನೂ ಅಪ್ಪನನ್ನೂ ಬರೆಸಿದಳು. ಹಿಂದಿನ ವಾಕ್ಯವನ್ನು ಹೊಡೆದುಹಾಕಿ, ಕೊನೆಯಲ್ಲಿ ಅವಳ ಹೆಸರು ಬರೆದೆ. ತುಂಬಿದ ಪುಟವನ್ನು ಕಂಡ ಮುಖ್ಯಸ್ಥೆ ಅವಳ ಬೆನ್ನು ತಟ್ಟಿದರು. ಬರೆದ ಕೈಯನ್ನು ನೋಡಲಿಲ್ಲ.

ಆ ಪದ್ಧತಿಯ ಪ್ರಕಾರ, ಹೊಡೆದುಹಾಕಿದ ವಾಕ್ಯವನ್ನು ಮೊದಲು ಅಷ್ಟು ಚಿಕ್ಕದಾಗಿ ಬರೆದದ್ದು ಯಾಕೆಂದು ನಾನೂ ಕಾರಣ ಕೊಡಬೇಕಿತ್ತು. ‘ಸ್ಥಳಾಭಾವ’ ಎಂದು ಬರೆದೆ. ಅವಳು ಹೇಳಿದ್ದೆಲ್ಲ ಹಿಡಿಸಿದ್ದು, ಆ ವಾಕ್ಯದ ಕೆಳಗೆ ನಾನು ಖಾಲಿ ಬಿಟ್ಟಿದ್ದ ಅರ್ಧ ಪುಟದಲ್ಲೇ.