ತಣ್ಣೀರಿನ ವಾರ

ಮೈನೋವಿಗೆ ಎಣ್ಣೆ ಮೇಲೋ ತಣ್ಣೀರು ಮೇಲೋ ಎಂದು ಪರೀಕ್ಷೆ ಮಾಡಲು ಹೊರಟ ಮಹಾ ಮೇಧಾವಿ ನಾನು. ಸ್ವಾತಂತ್ರ್ಯ ಬಂದು ನಾಲ್ಕೈದು ವರ್ಷವಾಗಿತ್ತು. ನನಗೆ ಹತ್ತೊಂಬತ್ತು, ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದೆ. ಏನನ್ನಾದರೂ ಅಳೆದು ಬರೆದಿಡದಿದ್ದರೆ ತಿಂದ ಅನ್ನ ಅರಗದ ವಯಸ್ಸು.

ಚಾಮರಾಜಪುರಂನ ನಮ್ಮ ಮನೆಯಲ್ಲಿದ್ದವರು ಮೂವರು: ಅರಮನೆ ಕಚೇರಿಯಿಂದ ನಿವೃತ್ತರಾಗಿ ಜಪಕ್ಕೆ ಕೂತ ತಾತ, ಮಡಿಯುಟ್ಟು ಒಲೆಯ ಮುಂದಿರುತ್ತಿದ್ದ ಅಜ್ಜಿ, ನಾನು. ಅಪ್ಪ ಅಮ್ಮ ನಾನು ಚಿಕ್ಕವನಿದ್ದಾಗಲೇ ತೀರಿಕೊಂಡಿದ್ದರು. ಅಜ್ಜಿಗೆ ನಾನೆಂದರೆ ಪ್ರಾಣ, ಆದರೆ ಮಡಿಯಲ್ಲಿ ಮುಟ್ಟುವಂತಿಲ್ಲ. ಅವಳು ಮಡಿಯಲ್ಲಿಲ್ಲದ ಹೊತ್ತು ಯಾವುದೆಂದು ನನಗೆ ಕೊನೆಗೂ ಗೊತ್ತಾಗಲಿಲ್ಲ. ಆ ಮನೆಯಲ್ಲಿ ಒಂಟಿತನ ನನ್ನನ್ನು ತಿನ್ನುತ್ತಿತ್ತು. ಆಗ ಅದನ್ನು ಹಸಿವು ಎಂದುಕೊಂಡು ಎರಡು ತುತ್ತು ಹೆಚ್ಚು ಉಣ್ಣುತ್ತಿದ್ದೆ.

ಮೈ ಗಟ್ಟಿಯಾಗಲೆಂದು ತಾತನೇ ನನ್ನನ್ನು ಗರಡಿಗೆ ಸೇರಿಸಿದ್ದರು. ಅಲ್ಲಿ ಯಾರೊಡನೆ ಕುಸ್ತಿ ಹಿಡಿಯುತ್ತೇವೋ ಅವನೇ ನಮ್ಮ ಜೋಡಿ; ಕೊನೆಯಲ್ಲಿ ಒಬ್ಬರ ಮೈಗೊಬ್ಬರು ಎಣ್ಣೆ ಹಾಕಿ ತಿಕ್ಕಬೇಕು. ನನ್ನ ಜೋಡಿ ಬೋಗಾದಿಯ ಬೇಸಾಯದ ಮನೆಯವನು, ನನ್ನದೇ ವಯಸ್ಸು. "ಏನ್ಲಾ ಪುಳಿಚಾರು, ಬೆನ್ನು ಒನಕೆ ಆಗೋಗೈತಲ್ಲೋ" ಎಂದು ಬೈಯುತ್ತ ಬೆನ್ನುಮೂಳೆಯ ಎರಡೂ ಕಡೆ ಹೆಬ್ಬೆರಳಿಟ್ಟು ಒತ್ತುತ್ತಿದ್ದ. ಇಡೀ ದಿನದಲ್ಲಿ ನನ್ನನ್ನು ಇನ್ನೊಬ್ಬರು ಮುಟ್ಟುತ್ತಿದ್ದದ್ದು ಅಷ್ಟೇ. ಅದಕ್ಕಾಗಿಯೇ ನಾನು ಗರಡಿಗೆ ಹೋಗುತ್ತಿದ್ದೆ.

ಕಾಲೇಜಿನ ಡ್ರಿಲ್ ಮೇಷ್ಟ್ರು ಒಂದು ದಿನ, "ಎಣ್ಣೆ ಗಿಣ್ಣೆ ಎಲ್ಲ ಹಳೇ ಕಾಲದ್ದು ಕಣಯ್ಯ. ದಣಿದ ಮೈಗೆ ತಣ್ಣೀರು ಸುರೀಬೇಕು, ತಿಕ್ಕಬಾರದು" ಎಂದರು. ಸರಿ, ಒಂದು ವಾರ ಎಣ್ಣೆ, ಒಂದು ವಾರ ತಣ್ಣೀರು ಎಂದು ತೀರ್ಮಾನಿಸಿದೆ. ಬಸ್ಕಿ ಹೊಡೆದ ಮಾರನೆಯ ಬೆಳಿಗ್ಗೆ ಕಕ್ಕಸಿನಲ್ಲಿ ಗೋಡೆ ಹಿಡಿಯದೆ ಕೂರಬಲ್ಲೆನೇ ಎಂಬುದೇ ಅಳತೆಗೋಲು. ಎಲ್ಲವನ್ನೂ ನೋಟುಬುಕ್ಕಿನಲ್ಲಿ ಬರೆಯುತ್ತಿದ್ದೆ.

ಎಣ್ಣೆಯ ವಾರ ಮುಗಿಯಿತು. ತಣ್ಣೀರಿನ ಮೊದಲ ದಿನ ಕುಸ್ತಿ ನಿಂತೊಡನೆ ನನ್ನ ಜೋಡಿ ಎಣ್ಣೆಯ ಬಟ್ಟಲು ಹಿಡಿದು ಬಂದ. ನಾನು ಹಿಂದೆ ಸರಿದೆ. "ಇವತ್ತು ಬೇಡ ಕಣೋ" ಎಂದು ನೇರ ಬಾವಿಕಟ್ಟೆಗೆ ಹೋಗಿ ತಲೆಯ ಮೇಲೆ ಎಂಟು ಕೊಡ ಸುರಿದುಕೊಂಡೆ. ಅವನು ನೋಡುತ್ತ ನಿಂತಿದ್ದ. ಏಳು ದಿನವೂ ಹೀಗೇ ಆಯಿತು. ಹೇಳಿದರೆ ನಗುತ್ತಾನೆಂದು ಕಾರಣ ಹೇಳಲಿಲ್ಲ. ಅವನೊಡನೆ ಮೈಗೆ ಮೈ ಹಚ್ಚಿ ಸೆಣಸಿದ ಕೂಡಲೇ ತಲೆಗೆ ನೀರು ಹಾಕಿಕೊಳ್ಳುವ ಬ್ರಾಹ್ಮಣರ ಹುಡುಗ ಅವನ ಕಣ್ಣಿಗೆ ಹೇಗೆ ಕಂಡಾನು ಎಂದು ಹೊಳೆಯಲೇ ಇಲ್ಲ. ಮಡಿಯ ಮನೆಯಲ್ಲಿ ಬೆಳೆದ ದಡ್ಡನಿಗೆ ಅಷ್ಟಾದರೂ ತಿಳಿಯಬಾರದೆ!

ಎಂಟನೆಯ ದಿನ ನಾನೇ ಬಟ್ಟಲು ಹಿಡಿದು ಹೋಗಿ, "ಬಾರೋ, ತಿಕ್ಕು" ಎಂದೆ. ಅವನು ಕೈ ಹಿಂದಕ್ಕೆ ಕಟ್ಟಿಕೊಂಡ.

"ಬೇಡಿ ಸ್ವಾಮಿ. ನಮ್ಮ ಕೈ ತಾಕುದ್ರೆ ನೀವು ಮತ್ತೆ ನೀರಾಕ್ಕೋಬೇಕಾಯ್ತದೆ."

ಅವನು ನನ್ನನ್ನು ಸ್ವಾಮಿ ಎಂದದ್ದು ಅದೇ ಮೊದಲು. ಓಡಿಹೋಗಿ ನೋಟುಬುಕ್ಕು ತಂದೆ. ಮೇಷ್ಟ್ರ ಮಾತು ಹೇಳಿದೆ, ಬರೆದದ್ದನ್ನು ಓದಿದೆ: ಎಣ್ಣೆಯ ವಾರ ಗೋಡೆ ಹಿಡಿದದ್ದು ಎರಡು ದಿನ, ತಣ್ಣೀರಿನ ವಾರ ಐದು ದಿನ. "ನೋಡು, ನಿನ್ನ ಕೈಯೇ ಗೆದ್ದಿದೆ" ಎಂದೆ. ಅವನು ಪೂರ್ತಿ ಕೇಳಿಸಿಕೊಂಡ.

"ಆಯ್ತು ಬುಡಿ, ನೀವು ಓದ್ದೋರು."

ಸಿಟ್ಟು ಇರಲಿಲ್ಲ. ಇದ್ದಿದ್ದರೆ ಜಗಳವಾಡಿ ಮುಗಿಸಬಹುದಿತ್ತು.

ಮರುದಿನ ಅವನು ಬೇರೆ ಜೋಡಿ ಹಿಡಿದ. ಗರಡಿಯಲ್ಲಿ ಕುಸ್ತಿ ಕಲಿಸುವ ವಸ್ತಾದರು ನನಗೂ ಬೇರೆಯವರನ್ನು ಕೊಟ್ಟು ನೋಡಿದರು. ಆದರೆ ಸುದ್ದಿ ಹಬ್ಬಿತ್ತು. ಎಲ್ಲರೂ ನನ್ನನ್ನು ಮರ್ಯಾದೆಯಿಂದ, ತುದಿಬೆರಳಲ್ಲಿ ಹಿಡಿಯುತ್ತಿದ್ದರು. ಎರಡು ನಿಮಿಷದಲ್ಲಿ ತಾವೇ ಬಿದ್ದು, ಎದ್ದು, ಕೈಮುಗಿದು ದೂರ ಹೋಗುತ್ತಿದ್ದರು. ಒಂದು ತಿಂಗಳು ಎಲ್ಲರನ್ನೂ ಗೆದ್ದೆ. ಆಮೇಲೆ ಹೋಗುವುದನ್ನೇ ಬಿಟ್ಟೆ.