ಅಣ್ಣನ ಪೆನ್ಸಿಲ್ ಗೀರು

ಹಿತ್ತಾಳೆ ಬ್ಯಾಂಡಿನ ಮೇಷ್ಟ್ರು ಹದಿನಾರು ತುತ್ತೂರಿಗಳ ಮಹಾದಂಡನಾಯಕರು. ಅವರ ಸೈನ್ಯ ಈವರೆಗೆ ಸೂರೆ ಮಾಡಿದ್ದು ಅಕ್ಕಪಕ್ಕದವರ ಮಧ್ಯಾಹ್ನದ ನಿದ್ದೆಯನ್ನು ಮಾತ್ರ. ನೂರು ವರ್ಷದ ಹಿಂದಿನ ಬ್ಯಾಂಡ್ ಸಂಗೀತವನ್ನು ನುಡಿಸುತ್ತ, ಕಲಿಸುತ್ತ ಅವರ ತಲೆ ನರೆತಿತ್ತು.

ಒಂದು ಹಳೆಯ ರಾಗದ ನಡುವೆ ಇಡೀ ಬ್ಯಾಂಡು ಗಪ್ಪನೆ ನಿಲ್ಲುತ್ತಿತ್ತು. ಎಲ್ಲರ ಸ್ವರದ ಹಾಳೆಯಲ್ಲೂ ಅಲ್ಲೊಂದು ಪೆನ್ಸಿಲ್ ಗೀರಿತ್ತು. ಕೇಳುಗರು ಆ ಮೌನಕ್ಕೂ ತಲೆದೂಗುತ್ತಿದ್ದರು.

ಬ್ಯಾಂಡಿನಲ್ಲಿ ನುಡಿಸುತ್ತಿದ್ದ ಲೈಬ್ರರಿಯಮ್ಮ ಒಂದು ದಿನ ಅದರ ಮೂಲ ಅಚ್ಚುಪ್ರತಿ ಹುಡುಕಿ ತಂದಳು.

"ಮೇಷ್ಟ್ರೇ, ಇದ್ರಲ್ಲಿ ಎಲ್ಲೂ ನಿಲ್ಲೋದೇ ಇಲ್ಲ! ಆ ಗೀರು ಎಳೆದ ಮಹಾನುಭಾವ ಯಾರು?"

"ನಮ್ಮಣ್ಣ ಕಣಮ್ಮ. ಎದೆರೋಗ. ಅಲ್ಲಿಗೆ ಬರೋಷ್ಟರಲ್ಲಿ ದಮ್ಮು ಕಟ್ತಿತ್ತು. ಅವನು ಉಸಿರು ತಗೊಳ್ಳಲಿ ಅಂತ ಎಲ್ರೂ ನಿಲ್ತಿದ್ವಿ. ಹೋಗಿ ಇಪ್ಪತ್ತೆಂಟು ವರ್ಷ ಆಯ್ತು. ಅಳಿಸೋಕೆ ಕೈ ಬರ್ಲಿಲ್ಲ."

ಲೈಬ್ರರಿಯಮ್ಮ ನಾಲಿಗೆ ಕಚ್ಚಿಕೊಂಡಳು. "ಹಾಗೇ ಇರ್ಲಿ ಬಿಡಿ, ಮೇಷ್ಟ್ರೇ."

"ಗೊತ್ತಿದ್ದೂ ತಪ್ಪನ್ನ ಕಲಿಸಿದ್ದು ಸಾಕು," ಎಂದು ಮೇಷ್ಟ್ರು ತಾವೇ ರಬ್ಬರು ಹಿಡಿದು ಹದಿನಾರು ಹಾಳೆಗಳ ಗೀರನ್ನೂ ಅಳಿಸಿದರು. ಕೊನೆಯದು ಹಿಂದೆ ಅಣ್ಣನದಾಗಿದ್ದ ಹಾಳೆ; ಅದಕ್ಕೆ ಮಿಕ್ಕೆಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ಆ ಸಂಜೆ ರಾಗ ಎಲ್ಲೂ ತಡೆಯದೆ ಹರಿಯಿತು. ಆ ಜಾಗಕ್ಕೆ ಬಂದಾಗ ಮೇಷ್ಟ್ರ ತುತ್ತೂರಿ ಮಾತ್ರ ಒಂದು ಉಸಿರಿನಷ್ಟು ಹೊತ್ತು ಸುಮ್ಮನಾಯಿತು.

"ಪಾಪ, ವಯಸ್ಸಾಯ್ತು. ಮೇಷ್ಟ್ರಿಗೆ ದಮ್ಮು ಸಾಲ್ತಿಲ್ಲ," ಎಂದು ಡೋಲಿನವನು ಪಕ್ಕದವನ ಕಿವಿಯಲ್ಲಿ ಪಿಸುಗುಟ್ಟಿದ.

ಅದು ಮೇಷ್ಟ್ರಿಗೂ ಕೇಳಿಸಿತು. ಶಿಷ್ಯರ ಸಾಸಿವೆಯಷ್ಟು ತಪ್ಪನ್ನೂ ಬಿಡದೆ ತಿದ್ದುತ್ತಿದ್ದವರು ಅದೊಂದನ್ನು ತಿದ್ದಲಿಲ್ಲ.